ಆಯುಧಪೂಜೆಗೆ ತೊಳೆದ ಗೂಡ್ಸ್ ಡಬ್ಬಿ

"ಅಣ್ಣಾ, ಬಿಡೋ! ಸತ್ತೋಗ್ತಾನೆ!"

ಸುಕನ್ಯ ಕೂಗಿದ್ದು ಮುನಿರಾಜನ ಕಿವಿಗೆ ಬೀಳಲೇ ಇಲ್ಲ. ಸಲಿಕೆಯ ಕಾವು ಮತ್ತೆ ಮೇಲೆದ್ದು ನೆಲಕ್ಕೆ ಬಿದ್ದವನ ಬೆನ್ನಿಗೆ ಅಪ್ಪಳಿಸಿತು.

"ಜಾಗಾ ಅಳ್ಯಾಕ ಬಂದಿಲ್ರಿ... ಅಲ್ಲಿ ಹಳಿ ಮ್ಯಾಲ ನಿಂತೈತಲ್ರಿ, ಆ ಗೂಡ್ಸ್ ಡಬ್ಬಿ ಅಳ್ಯಾಕ ಬಂದೀನ್ರಿ!"

"ಡಬ್ಬಿ ಅಳೀತಾನಂತೆ! ಯಾರ ಕಿವಿ ಮೇಲೆ ಹೂವ ಇಡ್ತೀಯೋ?"

ಕೆ.ಆರ್. ಪುರದ ಹಳಿಯ ಪಕ್ಕದಲ್ಲಿ ಅವರ ಹೊಲ. ಎರಡು ವರ್ಷದ ಹಿಂದೆ, ತೊಂಬತ್ತೈದರಲ್ಲಿ, ಯಾರೋ ಹೀಗೇ ಟೇಪು, ನೋಟ್‌ಬುಕ್ಕು ಹಿಡಿದು ಬಂದು ಹೋದರು. ಆಮೇಲೆ ಅರ್ಧ ಹೊಲ ಬಡಾವಣೆಗೆ ಹೋಯಿತು. ಅಂದಿನಿಂದ ಟೇಪು ಹಿಡಿದವರೆಲ್ಲ ಮುನಿರಾಜನಿಗೆ ವೈರಿಗಳೇ.

ಸುಕನ್ಯ ಇಬ್ಬರ ನಡುವೆ ನುಗ್ಗಿದಳು. ಆಗ ಅವಳಿಗೊಂದು ವಿಚಿತ್ರ ಕಂಡಿತು. ಏಟು ತಿನ್ನುತ್ತಿದ್ದವನು ತಲೆಯನ್ನು ಕಾಪಾಡಿಕೊಳ್ಳುತ್ತಿರಲಿಲ್ಲ... ಎರಡೂ ಕೈಯಲ್ಲಿ ಒಂದು ಸೋಪಿನ ಡಬ್ಬವನ್ನು ಎದೆಗೆ ಅವುಚಿಕೊಂಡಿದ್ದ!

ಮುಚ್ಚಳ ಬಿಚ್ಚಿಕೊಂಡಿತ್ತು. ಒಳಗೆ ಬೆರಳುದ್ದದ ಗೂಡ್ಸ್ ಡಬ್ಬಿ. ಬಾಗಿಲು, ಚಿಲಕ, ಪಟ್ಟಿ, ಎಲ್ಲವೂ ಹಳಿಯ ಮೇಲೆ ನಿಂತಿದ್ದ ನಿಜವಾದ ಡಬ್ಬಿಯಂತೆಯೇ!

ಅವನ ಬಲಗೈಯ ಎರಡು ಬೆರಳು ಸೊಟ್ಟಗೆ ತಿರುಗಿದ್ದವು.

"ಅದಕ್ಕೇನೂ ಆಗಿಲ್ಲಲ್ರಿ?" ಎಂದು ಕೇಳಿದ. ಬೆರಳಿನ ಬಗ್ಗೆ ಅಲ್ಲ... ಡಬ್ಬಿಯ ಬಗ್ಗೆ!

'ಇವನಿಗೆ ಹುಚ್ಚಾ?' ಅಂದುಕೊಂಡಳು. ಅವನು ಸೋಪಿನ ಡಬ್ಬ ಅವುಚಿಕೊಂಡೇ ಎದ್ದು ಹೋದ. ಆದರೆ ರಾತ್ರಿಯಿಡೀ ಆ ಬೆರಳುಗಳೇ ಕಣ್ಣ ಮುಂದೆ ಬಂದವು.

ಹೊಲದಲ್ಲಿ ಬಿದ್ದಿದ್ದ ಅವನ ನೋಟ್‌ಬುಕ್ಕಿನ ತುಂಬ ಡಬ್ಬಿಗಳ ಚಿತ್ರ, ಅಳತೆ. ಮೊದಲ ಪುಟದಲ್ಲಿ ಹೆಸರು: ಚನ್ನು. ವಿಳಾಸ: ಅಹ್ಮದ್ ಪಾಷಾ ಗುಜರಿ ಅಂಗಡಿ, ಶಿವಾಜಿನಗರ. ಅವಳು ಕೆಲಸ ಮಾಡುವ ಟೈಲರ್ ಅಂಗಡಿಯಿಂದ ಎರಡೇ ಗಲ್ಲಿ ಆಚೆ.

ಮರುದಿನ ಅಲ್ಲಿಗೆ ಹೋಗಿ ನೋಟ್‌ಬುಕ್ಕು ಕೊಟ್ಟು, ತಾನು ಯಾರೆಂದು ಹೇಳಿದಾಗ ಪಾಷಾ ಸಾಹೇಬರು ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ಹೊಡೆದವರ ತಂಗಿನಾ? ಬಾಮ್ಮಾ. ಹೊಡೆದ ಮೇಲೆ ನೋಡೋಕೆ ಬರೋ ಜನ ಕಮ್ಮಿ."

ಚನ್ನು ಗದಗಿನವನು, ಇಂದಿರಾನಗರದ ಒಂದು ಕಂಪನಿಯಲ್ಲಿ ಗುಮಾಸ್ತ. ಅಂಗಡಿಯ ಮಹಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ. ಫಾರಿನ್ನಿನ ಮಾದರಿ ಡಬ್ಬಿ ಕೊಳ್ಳುವುದು ಅವನ ಕೈಗೆಟುಕದ ಮಾತು. ಗುಜರಿಗೆ ಬಂದ ಮುರುಕು ಆಟಿಕೆ ರೈಲಿನ ಚಕ್ರಗಳನ್ನು ಪಾಷಾ ಅವನಿಗೆಂದೇ ಎತ್ತಿಡುತ್ತಿದ್ದರು. ಮದುವೆ ಪತ್ರಿಕೆಯ ರಟ್ಟು ಕತ್ತರಿಸಿ ಅವನು ಅವುಗಳ ಮೇಲೆ ಡಬ್ಬಿಯ ಗೋಡೆ ಕಟ್ಟುತ್ತಿದ್ದ. ಅಸಲಿ ಡಬ್ಬಿಗಿಂತ ಎಂಬತ್ತೇಳು ಪಟ್ಟು ಚಿಕ್ಕದು. ಒಂದೇ ಒಂದು ಪಟ್ಟಿ ಹೆಚ್ಚಾದರೂ ಬಿಚ್ಚಿ ಮತ್ತೆ ಮಾಡುತ್ತಿದ್ದ.

"ಒಂದು ಪಟ್ಟಿ ಯಾರು ಎಣಿಸ್ತಾರ್ರೀ?" ಎಂದು ಸುಕನ್ಯ ಕೇಳಿದಳು.

"ನಾ ಎಣಸ್ತೀನಲ್ರಿ. ಇದ್ದದ್ದು ಇದ್ಹಾಂಗ ಇರಬೇಕ್ರಿ. ನನಗ ಸುಳ್ಳು ಸೇರಂಗಿಲ್ಲ."

ಅವನ ಕೈಗೆ ಪ್ಲಾಸ್ಟರ್ ಇದ್ದಷ್ಟು ದಿನ ರಟ್ಟು ಕತ್ತರಿಸಿದ್ದು ಸುಕನ್ಯಳ ಕೈ. ರವಿಕೆ ಕತ್ತರಿಸಿ ಪಳಗಿದ ಕೈ ಅದು! ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ.

ಪೆಟ್ಟು ತಿಂದವನ ಮೇಲೆ ಮರುಕ ಯಾರಿಗಾದರೂ ಹುಟ್ಟುತ್ತದೆ. ಮರುಕ ನಾಲ್ಕು ದಿನದ್ದು. ಪ್ಲಾಸ್ಟರ್ ಬಿಚ್ಚಿದ ಮೇಲೂ ಅವಳ ಕಾಲು ಆ ಮೆಟ್ಟಿಲನ್ನೇ ಹುಡುಕಿತು ನೋಡಿ... ಅದು ಮರುಕವಲ್ಲ.

ಹೇಳಲು ಮಾತ್ರ ಇಬ್ಬರಿಗೂ ಬಾಯಿ ಬರಲಿಲ್ಲ.

ಆಯುಧಪೂಜೆ ಬಂತು. ಅವಳ ಮನೆಯಲ್ಲಿ ಟ್ರ್ಯಾಕ್ಟರಿನಿಂದ ಸೈಕಲ್ಲಿನವರೆಗೆ ಎಲ್ಲಕ್ಕೂ ಸ್ನಾನ, ಕುಂಕುಮ, ಹೂವು. ಅದನ್ನು ಮುಗಿಸಿ ಅವಳು ಶಿವಾಜಿನಗರಕ್ಕೆ ಬಂದಾಗ ಚನ್ನು ಇರಲಿಲ್ಲ. ಮೇಜಿನ ಮೇಲೆ ಕಲ್ಲಿದ್ದಲು ಸಾಗಿಸುವ ಗೂಡ್ಸಿನ ಮಾದರಿ ಡಬ್ಬಿ, ಮೈಯೆಲ್ಲ ಕೊಳೆ!

'ಪಾಪ, ಇವನ ಗಾಡಿಗೆ ಪೂಜೆ ಮಾಡೋರು ಯಾರು?'

ಸೀಗೆಪುಡಿ ಹಾಕಿ, ರಟ್ಟು ನೆನೆಯದಷ್ಟೇ ನೀರು ಮುಟ್ಟಿಸಿ, ಹಳೆ ಬ್ರಷ್ಷಿನಲ್ಲಿ ಉಜ್ಜಿದಳು. ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಒಂದು ಎಸಳು ಚೆಂಡುಹೂವು ಸಿಕ್ಕಿಸಿದಳು. ಮದುವಣಗಿತ್ತಿಯ ಹಾಗೆ ಕಂಡಿತು!

ಚನ್ನು ಬಂದು ನೋಡಿದ. ಮುಖ ಬಿಳಿಚಿಕೊಂಡಿತು.

ಅದು ಕೊಳೆಯಾಗಿರಲಿಲ್ಲ. ಅಸಲಿ ಡಬ್ಬಿಯ ತುಕ್ಕು ಎಲ್ಲೆಲ್ಲಿದೆಯೋ ಅಲ್ಲಲ್ಲೇ ಇಟ್ಟಿಗೆಪುಡಿ, ದೀಪದ ಮಸಿ ಮೆತ್ತಿ, ಪ್ಲಾಸ್ಟರ್ ಬಿಚ್ಚಿದ ಮೇಲೆ ಅವಳಿಲ್ಲದ ಹೊತ್ತಿನಲ್ಲಿ ರಾತ್ರಿ ರಾತ್ರಿ ಕೂತು ಬಿಡಿಸಿದ ಬಣ್ಣ.

"ನಿಮ್ಮ ಮನಿ ಮಂದಿಗೆ ಹಾಳು ಮಾಡೂದು ಒಂದೇ ಗೊತ್ತೇನ್ರಿ? ನಿಮ್ಮಣ್ಣ ಕೈ ಮುರದ... ನೀವು ಇದನ್ನ!"

ಆ ಮಾತು ಸುಕನ್ಯಳ ಎದೆಗೆ ಸಲಿಕೆಯ ಏಟಿನಂತೆ ಬಿತ್ತು. ಬ್ರಷ್ಷನ್ನು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದಳು. ಬಸ್ಸಿನಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಎರಡು ವಾರ ಆ ಗಲ್ಲಿಯತ್ತ ತಿರುಗಲಿಲ್ಲ. ಅವನು ಎರಡು ಸಲ ಟೈಲರ್ ಅಂಗಡಿಯ ಮುಂದೆ ಬಂದು ನಿಂತ. ಅವಳು ಹೊಲಿಗೆಯಿಂದ ತಲೆ ಎತ್ತಲಿಲ್ಲ. ಅದನ್ನು ಕಂಡ ಅವಳ ಊರಿನವರೊಬ್ಬರು ಸುದ್ದಿಯನ್ನು ನೆಟ್ಟಗೆ ಮುನಿರಾಜನಿಗೆ ಮುಟ್ಟಿಸಿದರು.

ಶನಿವಾರ ಮಧ್ಯಾಹ್ನ ಪಾಷಾ ಸಾಹೇಬರು ಏದುಸಿರು ಬಿಡುತ್ತಾ ಟೈಲರ್ ಅಂಗಡಿಗೆ ಓಡಿ ಬಂದರು.

"ಬೇಟಿ, ಬಾ! ನಿಮ್ಮಣ್ಣ ಅವನ್ನ ಕೊಂದೇ ಬಿಡ್ತಾನೆ!"

ಗುಜರಿ ಅಂಗಡಿಯ ಮುಂದೆ ಜನವೋ ಜನ. ಚನ್ನುವಿನ ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯುತ್ತಿತ್ತು. ಕೋಣೆಯಿಂದ ಎಳೆದು ತಂದ ಡಬ್ಬಿಗಳೆಲ್ಲ ಮುನಿರಾಜನ ಬೂಟಿನಡಿ ಪುಡಿಯಾಗಿದ್ದವು.

"ಒಂದೇ ಮಾತು. ನನ್ನ ತಂಗಿ ಮೇಲೆ ಮನಸ್ಸು-ಗಿನಸ್ಸು ಏನೂ ಇಲ್ಲ ಅನ್ನು. ಬಿಟ್ಬಿಡ್ತೀನಿ!"

"ಅನ್ನಾಕ ಬರಂಗಿಲ್ರಿ."

ಕಬ್ಬಿಣದ ಸರಳು ಅವನ ಭುಜಕ್ಕೆ ಬಿತ್ತು. ಮಂಡಿಯೂರಿದ.

"ಏನೂ ಇಲ್ಲ ಅನ್ನೋ!"

"ಐತ್ರಿ... ಮೂರು ತಿಂಗಳಿಂದ ಐತಿ. ಸುಳ್ಳು ಹ್ಯಾಂಗ ಹೇಳ್ಲಿ?"

ಸುಕನ್ಯ ಜನರನ್ನು ಸರಿಸಿ ಮುಂದೆ ಬಂದಳು. ಅವಳು ಕೇಳಲು ಕಾದಿದ್ದ ಮಾತು... ಇಷ್ಟು ಜನರೆದುರು, ರಕ್ತ ಸುರಿಸುತ್ತಾ!

ಸರಳು ಮತ್ತೆ ಎದ್ದಿತು. ಈ ಸಲ ತಲೆಗೇ.

ಗುಜರಿ ರಾಶಿಯಿಂದ ಕೈಗೆ ಸಿಕ್ಕ ನೀರಿನ ಪೈಪನ್ನು ಎಳೆದು ಅವಳು ಬೀಸಿಯೇಬಿಟ್ಟಳು. ಮುನಿರಾಜನ ಮುಂಗೈ ಲಟಕ್ಕೆಂದಿತು. ಸರಳು ಠಣ್ಣನೆ ಕೆಳಗೆ ಬಿತ್ತು. ನೋವಿನ ಉರಿಯಲ್ಲಿ ಅವನ ಎಡಗೈ ಅವಳ ಕೆನ್ನೆಗೆ ಬಾರಿಸಿತು. ಅವಳು ಬಿದ್ದಳು... ಎದ್ದಳು.

"ಹೊಡಿ, ಇನ್ನೂ ಹೊಡಿ! ಹೊಲ ಕಿತ್ಕೊಂಡೋನು ಇವನಲ್ಲ ಅಣ್ಣ. ಕಿತ್ಕೊಂಡೋರ ಮೇಲೆ ಕೈ ಎತ್ತೋಕೆ ನಿಂಗಾಗ್ಲಿಲ್ಲ. ಅದಕ್ಕೇ ಇವನ ಮೇಲೆ!"

ಮುನಿರಾಜ ತಂಗಿಯ ಬಾತ ಕೆನ್ನೆ ನೋಡಿದ, ತನ್ನ ಕೈ ನೋಡಿಕೊಂಡ.

"ಅಪ್ಪನ ಹತ್ರ ನೀನೇ ಹೇಳ್ಕೋ. ನಾನು ಅಡ್ಡ ಬರಲ್ಲ... ಜೊತೆಗೂ ಬರಲ್ಲ."

ಮುರಿದ ಕೈಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಜನರ ನಡುವೆ ಹೊರಟುಹೋದ.

ಸುಕನ್ಯ ಚನ್ನುವಿನ ಪಕ್ಕ ಕುಳಿತು ಸೆರಗಿನಿಂದ ಅವನ ಹುಬ್ಬು ಒತ್ತಿ ಹಿಡಿದಳು.

"ಅವತ್ತು ಆಡಿದ ಮಾತು ತಪ್ಪಾತ್ರಿ. ಬಣ್ಣ ಹೋದ್ರ ಮತ್ತ ಹಚ್ಚಬಹುದಿತ್ತು. ನೀವು ಹೋದ್ರಿ... ನನಗ ಹೊತ್ತೇ ಹೋಗ್ಲಿಲ್ಲ."

"ಬಾಯಿ ಬಿಟ್ಟು ಹೇಳೋಕೆ ಇಷ್ಟು ಏಟು ಬೇಕಿತ್ತಾ?"

"ನೀವು ಕೇಳಿದ್ರ ಪುಕ್ಕಟೇ ಹೇಳ್ತಿದ್ನಿ!"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಕೆನ್ನೆ ಚುಳ್ಳೆಂದಿತು.

"ನಮ್ಮಪ್ಪನ ಮುಂದೆ ಬಂದು ನಿಂತ್ಕೋತೀರಾ?"

"ನಿಂತ್ಕೋತೀನಿ."

"ಭಯ ಆಗಲ್ವಾ?"

"ಭಾಳ ಆಗ್ತೈತ್ರಿ."

"ಹಾಗಾದ್ರೆ ನಾಳೆ ತನಕ ಯಾಕೆ ಹೆದರ್ಕೊಂಡು ಕೂರ್ತೀರಿ? ಹುಬ್ಬಿಗೆ ಹೊಲಿಗೆ ಹಾಕಿಸ್ಕೊಂಡು ಇವತ್ತೇ ಹೋಗೋಣ," ಎಂದು ಅವನ ತೋಳನ್ನು ತನ್ನ ಹೆಗಲ ಮೇಲೆ ಎಳೆದುಕೊಂಡಳು. "ಮೆಲ್ಲಗೆ ಏಳಿ... ನಾನಿದೀನಿ."