ಎರಡು ಕೀಲಿಯ ಬಾಗಿಲು

"ಅಷ್ಟು ಹೆದರಬೇಡಿ ಮೇಡಂ, ಆ ಬಾಗಿಲು ಕಚ್ಚಲ್ಲ."

ಕ್ಯಾಷಿಯರ್ ಆಗಿ ಬ್ಯಾಂಕಿಗೆ ಸೇರಿದ ಮೊದಲ ಬೆಳಿಗ್ಗೆ, ತಿಜೋರಿ ಕೋಣೆಯ ಮುಂದೆ ಬೆರಗಾಗಿ ನಿಂತಿದ್ದೆ. ಆಳೆತ್ತರ ಮೀರಿದ ಕಬ್ಬಿಣದ ಬಾಗಿಲು. ಅದಕ್ಕೆ ಎರಡು ಕೀಲಿ. ಒಂದು ನನ್ನ ಹತ್ತಿರ, ಇನ್ನೊಂದು ಹಾಗೆಂದು ನಕ್ಕ ಅಕೌಂಟೆಂಟರ ಹತ್ತಿರ. ಇಬ್ಬರೂ ಜೊತೆಗೆ ನಿಂತು ತಿರುಗಿಸಿದರೆ ಮಾತ್ರ ತೆರೆಯುತ್ತಿತ್ತು.

"ಇಷ್ಟು ದೊಡ್ಡದನ್ನ ಒಳಗೆ ಹೇಗೆ ತಂದ್ರು ಸಾರ್?"

"ತರಲೇ ಇಲ್ಲ," ಎಂದರು ಅಕೌಂಟೆಂಟ್, ಸ್ವಂತ ಅಜ್ಜನ ಕಥೆ ಹೇಳುವವರ ಹಾಗೆ. "ನೂರು ವರ್ಷದ ಹಿಂದೆ ಇದು ಬರೀ ಬಯಲು. ಹಡಗಲ್ಲಿ ಬಂದ ಬಾಗಿಲನ್ನ ಇಲ್ಲಿ ನಿಲ್ಲಿಸಿದ್ರು. ಆಮೇಲೆ ಅದರ ಸುತ್ತ ಗೋಡೆ, ಗೋಡೆ ಮುಂದೆ ಹಾಲ್, ಮೇಲೆ ಗುಮ್ಮಟ. ಇಲ್ಲಿ ಮುಟ್ಟಿ ನೋಡಿ."

ಚೌಕಟ್ಟಿನ ಪಕ್ಕದ ಗಾರೆಯಲ್ಲಿ ಯಾವನೋ ಮೇಸ್ತ್ರಿಯ ಅಂಗೈ ಅಚ್ಚೊತ್ತಿತ್ತು. ನನ್ನ ಕೈಯನ್ನು ಅದರೊಳಗಿಟ್ಟೆ. ಆ ಮನುಷ್ಯ ಈಗಷ್ಟೇ ಕೈ ತೆಗೆದು ಊಟಕ್ಕೆ ಹೋದನೇನೋ ಅನ್ನಿಸಿ ಮೈ ಜುಮ್ಮೆಂದಿತು. ತಿರುಗಿದರೆ ಅವರು ಗೋಡೆಯನ್ನಲ್ಲ, ನನ್ನನ್ನು ನೋಡುತ್ತಿದ್ದರು. ಸಿಕ್ಕಿಬಿದ್ದವರಂತೆ ಕನ್ನಡಕ ಒರೆಸತೊಡಗಿದರು.

ಮುಗ್ಗಲು ವಾಸನೆಗೆ ಸೀನು ಬರುತ್ತದೆಂದು ಒಮ್ಮೆ ಹೇಳಿದ್ದೆ, ಅಷ್ಟೆ. ಅಂದಿನಿಂದ ದಿನವೂ ಬಾಗಿಲು ತೆರೆದೊಡನೆ ಮೊದಲು ತಾವೇ ಹೋಗಿ, ಒಳಗಿನ ಗಾಳಿಯನ್ನು ಫೈಲಿನಿಂದ ಬೀಸಿ ಹೊರಹಾಕಿ, "ಈಗ ಬನ್ನಿ" ಎನ್ನುತ್ತಿದ್ದರು. ಆ ಎರಡು ಮಾತು ಕೇಳಲೆಂದೇ ನಾನು ಬೇಗ ಬರತೊಡಗಿದೆ.

ಒಂದು ಬೆಳಿಗ್ಗೆ ಮ್ಯಾನೇಜರ್ ತಲೆ ಕೆರೆದುಕೊಂಡರು. "ನಮ್ಮ ಅಕೌಂಟೆಂಟ್ ವರ್ಗಾವಣೆ ಕೇಳಿದ್ದಾರಮ್ಮ. ಈ ಕಟ್ಟಡ ಬಿಟ್ಟು ಹೋಗೋ ಆಸಾಮಿ ಅಲ್ಲ. ಏನಾಯ್ತೋ!"

ತಿಜೋರಿ ಬಾಗಿಲ ಮುಂದೆ ಅಕೌಂಟೆಂಟರ ಪಕ್ಕ ಕೀಲಿ ಹಿಡಿದು ನಿಂತೆ, ತಿರುಗಿಸಲಿಲ್ಲ.

"ನನ್ನಿಂದ ಏನಾದ್ರೂ ಬೇಜಾರಾಯ್ತಾ ಸಾರ್?"

"ಅಯ್ಯೋ, ಇಲ್ಲ ಮೇಡಂ! ರೂಲ್ಸು. ಗಂಡ ಹೆಂಡ್ತಿ ಒಂದೇ ತಿಜೋರಿಯ ಎರಡು ಕೀಲಿ ಇಟ್ಕೊಳ್ಳೋ ಹಾಗಿಲ್ಲ."

"ಯಾರು ಗಂಡ ಹೆಂಡ್ತಿ?"

ಅವರ ಕಿವಿ ಕೆಂಪಾಯಿತು. "ಅದನ್ನ... ನಿಮ್ಮನ್ನ ಮೊದಲು ಕೇಳಬೇಕಿತ್ತು. ಧೈರ್ಯ ಬರೋಷ್ಟರಲ್ಲಿ ಅರ್ಜಿ ಹೋಗ್ಬಿಡ್ತು."

ನಗು, ಅಳು ಎರಡೂ ಒಟ್ಟಿಗೆ ನುಗ್ಗಿದವು. "ಈ ಜಾಗ ಬಿಟ್ಟು ಇರಕ್ಕಾಗುತ್ತಾ ನಿಮಗೆ?"

"ಕಟ್ಟಡ ಎಲ್ಲೂ ಹೋಗಲ್ಲ. ನೀವು ಹೋಗ್ಬಿಟ್ರೆ?"

ಹೊರಗೆ ಗಿರಾಕಿಗಳು ಸೇರುತ್ತಿದ್ದರು. ಜೀವದಷ್ಟು ಪ್ರೀತಿಸಿದ್ದನ್ನು ಸದ್ದಿಲ್ಲದೆ ನನಗೆಂದು ಬಿಡಹೊರಟ ಆ ಮನುಷ್ಯನನ್ನು ಕಣ್ತುಂಬ ನೋಡಿದೆ. ಅಲ್ಲಿಯವರೆಗೆ ಸಾರ್ ಎನ್ನುತ್ತಿದ್ದ ನಾಲಿಗೆ ತಾನಾಗಿ ಹೊರಳಿತು.

"ಅರ್ಜಿ ವಾಪಸ್ ತಗೊಳ್ಳಿ. ವರ್ಗಾವಣೆ ನಾನು ಕೇಳ್ತೀನಿ... ಏನೂಂದ್ರೆ, ಕೇಳಿಸ್ತಾ?"

ಅವರ ಕೈಯಿಂದ ಕೀಲಿ ಜಾರಿ ನೆಲಕ್ಕೆ ಬಿತ್ತು. ಆ ಸದ್ದು ಗುಮ್ಮಟದವರೆಗೂ ಹೋಯಿತು.