ಇನ್ನೊಂಚೂರು ತುಕ್ಕು

ಶಿರಸಿಗೆ ಇನ್ನೂ ರೈಲು ಬಂದಿಲ್ಲ. ರೈಲು ಬಿಡುವವರಿಗೇನೂ ಕೊರತೆಯಿಲ್ಲ. ಅವರಲ್ಲಿ ನಾನೂ ಒಬ್ಬ, ಆದರೆ ಇದು ಬಿಟ್ಟದ್ದಲ್ಲ.

ನಾನು ಮತ್ತು ಗೆಳೆಯ ಸೊಹೇಲ್ ಆಟದ ರೈಲಿನ ಅಗ್ಗದ ಗೂಡ್ಸ್ ಡಬ್ಬಿಗಳು ನಿಜದವುಗಳ ಹಾಗೆ ಕಾಣಲೆಂದು ಅಡಕೆ ಬೇಯಿಸಿದ ಕೆಂಪು ಚೊಗರು ಬಳಿದು ತುಕ್ಕು ಹಿಡಿಸುತ್ತಿದ್ದೆವು. ತುಕ್ಕು ಅವನ ತಿಕ್ಕಲು. ಎಷ್ಟು ಬಳಿದರೂ "ಇನ್ನೊಂಚೂರು ತುಕ್ಕು, ಮಾರಾಯಾ" ಅನ್ನುತ್ತಿದ್ದ. ಅವನ ದನಿಯಲ್ಲೇ ಅವನನ್ನು ಕರೆಯುವುದು ನನ್ನ ಮಿಮಿಕ್ರಿ ಚಟ. ಅವನು ತೀರಿಕೊಂಡ ತಿಂಗಳಿಗೆ, ಮರೆತು, ಅವರ ಮನೆಯ ಗೇಟಿನಲ್ಲಿ ಹಾಗೇ ಕೂಗಿಬಿಟ್ಟೆ. ಅವನ ತಂಗಿ ಅಸ್ಫಿಯಾ ಬರಿಗಾಲಲ್ಲಿ ಓಡಿಬಂದಳು. ಅವಳ ಮುಖ ನೋಡಿ, ಆ ದನಿ ಇನ್ನು ತೆಗೆಯುವುದಿಲ್ಲವೆಂದು ಆಣೆ ಮಾಡಿದೆ.

ಕಳೆದ ಮಾರ್ಚಿನಲ್ಲಿ, ಅವನು ಅರ್ಧಕ್ಕೇ ಬಿಟ್ಟಿದ್ದ ಡಬ್ಬಿಯನ್ನು ಮುಗಿಸಿಕೊಡಲು ಅವಳೇ ಕರೆದಳು. ಮಧ್ಯಾಹ್ನ ಅವನ ಕೋಣೆಯಲ್ಲಿ ಕುಳಿತೆ. ಅಂಥ ಸೆಕೆಯಲ್ಲೂ ಡಬ್ಬಿ ತಣ್ಣಗಿತ್ತು. ಬಳಿದ ಚೊಗರು ಗಂಟೆ ಕಳೆದರೂ ಒಣಗಲಿಲ್ಲ. ಗಾಲಿಗಳನ್ನು ಬಿಚ್ಚಿ ಬಟ್ಟಲಿಗೆ ಹಾಕಿದ್ದೆ. ಆದರೂ ಡಬ್ಬಿಯ ಅಡಿಯಿಂದ, ಹಳಿಯ ಸಂದು ದಾಟುವ ಹಾಗೆ, ಟಡಕ್ ಟಡಕ್ ಎಂಬ ಸದ್ದು. ಎದ್ದು ಫ್ಯಾನ್ ಆರಿಸಿದೆ. ಕಿಟಕಿ ಮುಚ್ಚಿದೆ. ಸದ್ದು ನಿಲ್ಲಲಿಲ್ಲ, ನನಗೆ ಕೂರಲೂ ಆಗಲಿಲ್ಲ.

ಅಸ್ಫಿಯಾ ಬಾಗಿಲಿಗೆ ಬಂದಳು. ಕಣ್ಣು ತುಂಬಿತ್ತು.

"ಭಾಯಿ ದನಿ ತೆಗಿಯೂದಿಲ್ಲ ಅಂದಿದ್ರಿ ಅಲಾ, ದಿನಕರಣ್ಣ? ಮತ್ತೆ ಈಗ 'ಇನ್ನೊಂಚೂರು ತುಕ್ಕು' ಅಂತ ಕೂಗಿದ್ದು ಎಂತಕ್ಕೆ?"

ಉತ್ತರ ಕೊಡಲು ನಾನು ಮೊದಲು, ಕುಳಿತಾಗಿನಿಂದ ಬಾಯಲ್ಲಿ ಅಡ್ಡಡ್ಡ ಕಚ್ಚಿಕೊಂಡಿದ್ದ ಎರಡು ಬ್ರಷ್‌ಗಳನ್ನು ತೆಗೆಯಬೇಕಾಯಿತು.