ಹೊಳೆಗಡ್ಡೆಯ ಗಟ್ಟಿ ಅಳೆದ ಸಾತವ್ವ

ಮೇಲೂರಿಗೆ ಹೊರಟ ನಲವತ್ತು ದೋಣಿ ಉಪ್ಪು. ಅದರಲ್ಲಿ ಇಪ್ಪತ್ತು ತನಗೆ ಕೊಟ್ಟರೆ ಹೊಳೆ ಬಿಡುತ್ತೇನೆಂದು ಮಾಂತ್ರಿಕ ಹಿಮಕೇತ ಕರಾರು ಹಾಕಿದ್ದ.

ಇದು ಬಹು ಹಿಂದೆ ಬೆಳ್ಗಿರಿ ಎಂಬ ರಾಜ್ಯದಲ್ಲಿ ನಡೆದದ್ದು. ಮಾಂತ್ರಿಕ ದಂಡ ಊರಿದ, ಹೊಳೆ ಹೆಪ್ಪುಗಟ್ಟಿತು. ಎಷ್ಟೇ ಬಿಸಿಲು ಬಿದ್ದರೂ ಮಂಜುಗಡ್ಡೆಯ ದಪ್ಪ ಎರಡು ಗೇಣಿಗಿಂತ ಇಳಿಯಬಾರದೆಂದು ಮಂತ್ರ ಹಾಕಿದ. ಆ ದಪ್ಪದ ಕಾವಲಿಗೆ ಮಂಜಿನ ಮೊಸಳೆಯನ್ನು ಬಿಟ್ಟ.

ದೋಣಿ ತಂಡದ ಮುಖಂಡ ಮಲ್ಲಶೆಟ್ಟಿ ಸೋತು, ಯಾರ್ಯಾರ ದೋಣಿ ಕೊಡುವುದೆಂದು ಚೀಟಿ ಎತ್ತಿಸಿದ. ಕೊಡಬೇಕಾದ ಇಪ್ಪತ್ತರಲ್ಲಿ ತಂಡದಲ್ಲಿದ್ದ ಸಾತವ್ವನ ಒಂದೇ ಒಂದು ದೋಣಿಯೂ ಬಂತು.

"ಶೆಟ್ಟರೇ, ಮೂರು ದಿನ ತಡೀರಿ," ಅಂದಳು ಸಾತವ್ವ.

"ತಡೆದು ಏನವ್ವ? ದಪ್ಪ ಅಳೆದಾಯ್ತಲ್ಲ."

"ದಪ್ಪ ಅಳೆದಿರಿ. ಗಟ್ಟಿ ಅಳೆದಿರಾ?"

ಗಡ್ಡೆಯಲ್ಲಿ ಹಲಗೆಯಷ್ಟು ಅಗಲಕ್ಕೆ ಮೂರು ಕಡೆ ಗರಗಸ ಆಡಿಸಿದಳು, ಒಂದು ಕಡೆ ಅಂಟಿಕೊಂಡಿರಲು ಬಿಟ್ಟಳು. ಎಷ್ಟಕ್ಕೆ ಮುರಿಯುತ್ತದೋ ನೋಡಲು ಬಿಡಿ ತುದಿಗೆ ಭಾರ ಹೇರಬೇಕು. ಶೆಟ್ಟಿ ಉಪ್ಪಿನ ಮೂಟೆ ತರಿಸಿದ.

"ಉಪ್ಪು ತಾಗಿದರೆ ಗಡ್ಡೆ ಕರಗಿ ಅಳತೆ ಸುಳ್ಳಾಗುತ್ತೆ. ಕಲ್ಲು ತರಿಸಿ."

ಮೊದಲ ದಿನ ಹನ್ನೆರಡು ಕಲ್ಲಿಗೆ ಮುರಿಯಿತು. ಮೊಸಳೆ ಹಲ್ಲೂರಿ ದಪ್ಪ ನೋಡಿ, "ಎರಡು ಗೇಣು. ತೂಗೋಕೆ ಇದೇನು ಬೆಲ್ಲವೇನಮ್ಮ?" ಎಂದು ನಕ್ಕಿತು.

ಎರಡನೆಯ ದಿನ ಪಕ್ಕದಲ್ಲೇ ಹೊಸ ಹಲಗೆ ಕೊಯ್ದಳು. ಏಳು ಕಲ್ಲಿಗೆ ಮುರಿಯಿತು. "ಎರಡು ಗೇಣು," ಅಂದಿತು ಮೊಸಳೆ.

ಮೂರನೆಯ ದಿನ ಎರಡೇ ಕಲ್ಲು. "ಎರಡು ಗೇಣು," ಅಂದಿತು ಮೊಸಳೆ, ಆಕಳಿಸುತ್ತ.

ಮುರಿದ ತುಂಡನ್ನು ಸಾತವ್ವ ಶೆಟ್ಟಿಯ ಕೈಗಿಟ್ಟಳು. ಒಳಗೆಲ್ಲ ಉದ್ದುದ್ದ ಸೂಜಿಗಳು, ಊದುಬತ್ತಿಯ ಕಟ್ಟಿನ ಹಾಗೆ. ಬಿಸಿಲು ಸಂದಿಗಳಲ್ಲಿ ಇಳಿದು ಬೆಸುಗೆ ಬಿಡಿಸಿತ್ತು. ದಪ್ಪ ಕೂದಲಷ್ಟೂ ಇಳಿದಿರಲಿಲ್ಲ. ಮಂತ್ರ ಕಾದದ್ದು ಅಷ್ಟನ್ನೇ.

"ಎಲ್ಲಕ್ಕಿಂತ ಭಾರದ ದೋಣಿ ಮುಂದಕ್ಕೆ ಬರಲಿ," ಅಂದ ಶೆಟ್ಟಿ.

"ನನ್ನದೇ ಹೋಗಲಿ. ಅಳೆದವಳು ನಾನು."

ಮೂವತ್ತು ಜನ ದಡದ ಮೇಲಿಂದ ಹಗ್ಗ ಜಗ್ಗಿದರು. ದೋಣಿಯ ಮೂತಿ ತಗುಲಿದ್ದೇ ತಡ, ಗಡ್ಡೆ ಬಳೆ ಸುರಿದಂತೆ ಸದ್ದು ಮಾಡಿ ಉದುರಿತು. ಅದೇ ಗಡ್ಡೆಯಿಂದ ಆಗಿದ್ದ ಮೊಸಳೆಯೂ ಉದುರಿತು. ಮಂತ್ರ ಮುರಿಯುತ್ತಲೇ ಹಿಮಕೇತ ನೀರುಕೋಳಿಯಾಗಿ ಹಾರಿಹೋದ.

"ನಲವತ್ತು ವರ್ಷ ವ್ಯಾಪಾರ ಮಾಡಿದೆ," ಅಂದ ಶೆಟ್ಟಿ, "ಮಾಲು ನೋಡೋದು ಇವತ್ತು ಕಲಿತೆ ತಾಯಿ."

ಎರಡು ತಿಂಗಳು ಸಪ್ಪೆ ಉಂಡಿದ್ದ ಮೇಲೂರು ಅಂದು ಉಪ್ಪು ಹಾಕಿ ಉಂಡಿತು, ಮುಂದೆಯೂ ಸುಖವಾಗಿ ಉಂಡಿತು. ಮುರಿದದ್ದು ಎರಡು ಹುಟ್ಟು. ದಡ ಮುಟ್ಟಿದ್ದು ನಲವತ್ತೂ ದೋಣಿ. ಮಾಂತ್ರಿಕನಿಗೆ ಸೊನ್ನೆ. ಸಾತವ್ವನಿಗೆ ಅವಳ ದೋಣಿ, ಮೂತಿಯಲ್ಲಿ ಅಂಗೈಯಗಲದ ಒಂದು ತಗ್ಗು ಸಮೇತ.